ಇ-ಪ್ರಿಸ್ಕ್ರಿಪ್ಷನ್: ಮೊಬೈಲಿಗೆ ಬರುವ ಔಷಧಿ ಚೀಟಿ

ಡಾಕ್ಟರು ಪೆನ್ನಿನಲ್ಲಿ ಗೀಚುವ ಬದಲು ಕಂಪ್ಯೂಟರಿನಲ್ಲಿ ಟೈಪ್ ಮಾಡಿ, ಡಿಜಿಟಲ್ ಸಹಿ ಹಾಕಿ, ರೋಗಿಯ ಮೊಬೈಲಿಗೆ ಕಳಿಸುವ ಔಷಧಿ ಚೀಟಿಯೇ ಇ-ಪ್ರಿಸ್ಕ್ರಿಪ್ಷನ್. ಕಾಗದದ ಚೀಟಿಯ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತಾರಲ್ಲ, ಅದು ಬೇರೆ. 2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ (ಡಾಕ್ಟರು ದೂರದಿಂದಲೇ ಫೋನು, ವಿಡಿಯೋದಲ್ಲಿ ರೋಗಿಯನ್ನು ನೋಡುವುದು) ಮಾರ್ಗಸೂಚಿ ಎರಡನ್ನೂ ಒಪ್ಪುತ್ತದೆ. ಆದರೆ ಫೋಟೋ ಅಂದರೆ ಬರೀ ಚಿತ್ರ. ಕಾಗದದಲ್ಲಿ ಓದಲಾಗದ ಕೈಬರಹ ಫೋಟೋದಲ್ಲೂ ಓದಲಾಗುವುದಿಲ್ಲ. ಇ-ಪ್ರಿಸ್ಕ್ರಿಪ್ಷನ್ನಿನಲ್ಲಿ ಗುಳಿಗೆ ಯಾವುದು, ಎಷ್ಟು ಮಿಲಿಗ್ರಾಂ, ಎಷ್ಟು ದಿನ ಎಂಬುದೆಲ್ಲ ಅಚ್ಚಿನ ಅಕ್ಷರದಲ್ಲಿ ಸ್ಪಷ್ಟವಾಗಿರುತ್ತದೆ.

ಹಳ್ಳಿಯವರಿಗೆ ಇದು ಸಿಗುವ ಒಂದು ದಾರಿ ಕೇಂದ್ರ ಸರ್ಕಾರದ ಇ-ಸಂಜೀವನಿ, ಅಂದರೆ ದೂರದ ಡಾಕ್ಟರ ಜೊತೆ ವಿಡಿಯೋದಲ್ಲಿ ಮಾತಾಡಿಸುವ ಸೇವೆ. ಆಳಂದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಬಿಪಿ ಇರುವ ಅಜ್ಜಿ ಇದ್ದಾರೆ ಅಂದುಕೊಳ್ಳಿ. ಊರಿನ ಸರ್ಕಾರಿ ಆರೋಗ್ಯ ಕೇಂದ್ರವಾದ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಬಿಪಿ ನೋಡುತ್ತಾರೆ, ಸಕ್ಕರೆ ನೋಡುತ್ತಾರೆ. ಆಮೇಲೆ ವಿಡಿಯೋ ಕರೆಯಲ್ಲಿ ಬೇರೆ ಊರಿನ ಡಾಕ್ಟರನ್ನು ಜೋಡಿಸುತ್ತಾರೆ. ಮಾತು ಮುಗಿದ ಮೇಲೆ ಡಾಕ್ಟರು ಅಲ್ಲಿಂದಲೇ ಚೀಟಿ ಮಾಡುತ್ತಾರೆ, ಇಲ್ಲಿ ಅದು ತೆರೆದುಕೊಳ್ಳುತ್ತದೆ. ಕೇಂದ್ರದಲ್ಲಿ ಆ ಗುಳಿಗೆ ಇದ್ದರೆ ಅಲ್ಲೇ ಕೊಡುತ್ತಾರೆ. ಮನೆಯಿಂದಲೇ ಮಾತಾಡುವ ದಾರಿ 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ನಡುವೆ ಶುರುವಾಯಿತು. ಮೊಬೈಲ್ ನಂಬರ್ ಹಾಕಿ, ಒಟಿಪಿ ಕೊಟ್ಟು, ಟೋಕನ್ ಪಡೆದು, ಸರದಿ ಬಂದಾಗ ಮಾತಾಡಿದರೆ ಆಯಿತು.

ತೊಡಕು ಇರುವುದು ಆ ಮೊಬೈಲ್ ನಂಬರಿನಲ್ಲಿ. ಕಲಬುರಗಿ, ಯಾದಗಿರಿ ಕಡೆಯ ಎಷ್ಟೋ ಮನೆಗಳಲ್ಲಿ ದುಡಿಯುವ ಮಕ್ಕಳು ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುತ್ತಾರೆ. ಅವ್ವನ ಹೆಸರಿನ ಮುಂದೆ ಬರೆಸಿದ ನಂಬರ್ ಮಗನದ್ದು. ಚೀಟಿಯ ಲಿಂಕ್ ಅವನ ಮೊಬೈಲಿಗೆ ಹೋಗುತ್ತದೆ, ಅವ್ವ ಮೆಡಿಕಲ್ ಮುಂದೆ ಬರಿಗೈಯಲ್ಲಿ ನಿಂತಿರುತ್ತಾರೆ. ಅವನು ಕೆಲಸ ಬಿಟ್ಟು ಮೆಸೇಜ್ ನೋಡಿ ಕಳಿಸುವ ಹೊತ್ತಿಗೆ ಸಂಜೆ. ಆದ್ದರಿಂದ ನೋಂದಣಿ ಮಾಡಿಸುವಾಗಲೇ ಯಾರ ನಂಬರ್ ಅಂತ ಯೋಚಿಸಿ. ಕೈಯಲ್ಲಿ ಒಂದು ಪ್ರಿಂಟ್ ಇರಲಿ ಅಂತ ಕೇಳುವುದರಲ್ಲಿ ಸಂಕೋಚ ಬೇಡ. ಇನ್ನೊಂದು ಮಾತು, ಚೀಟಿ ನೋಡಿದರೆ ಕಾಯಿಲೆ ಏನೆಂದು ಊಹಿಸಬಹುದು. ಮನೆಮಂದಿಗೆಲ್ಲ ಒಂದೇ ಫೋನ್ ಇದ್ದಾಗ ಸೊಸೆಯ ಚೀಟಿ ಎಲ್ಲರ ಕಣ್ಣಿಗೆ ಬೀಳುತ್ತದೆ. ಕಾಗದದ ಚೀಟಿಯನ್ನಾದರೆ ಮಡಚಿ ಪರ್ಸಿನಲ್ಲಿ ಇಟ್ಟುಕೊಳ್ಳಬಹುದಿತ್ತು, ಅಲ್ವಾ?

ಚೀಟಿ ಬಂದ ಮೇಲೆ ಮೊದಲು ನೋಡಬೇಕಾದದ್ದು ನಿಮ್ಮ ಹೆಸರು, ವಯಸ್ಸು, ತಾರೀಖು. ಆಮೇಲೆ ಡಾಕ್ಟರ ಹೆಸರು ಮತ್ತು ವೈದ್ಯಕೀಯ ಮಂಡಳಿಯ ನೋಂದಣಿ ಸಂಖ್ಯೆ. ಇದು ಚೀಟಿಯಲ್ಲಿ ಇರಲೇಬೇಕು. ಗುಳಿಗೆಯ ಮುಂದೆ 1-0-1 ಅಂತ ಇದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು. ಎಸ್‌ಒಎಸ್ ಅಂದರೆ ಬೇಕೆನಿಸಿದಾಗ ಮಾತ್ರ, ದಿನಾಲೂ ಅಲ್ಲ. ಟೈಪ್ ಮಾಡಿದ ಚೀಟಿಯಲ್ಲಿ ತಪ್ಪೇ ಇರುವುದಿಲ್ಲ ಅಂತ ಸುಮ್ನೆ ನಂಬಬೇಡಿ. ಕೈಬರಹದ ಗೊಂದಲ ಹೋಯಿತು, ಅದರ ಜಾಗಕ್ಕೆ ಬೇರೊಂದು ಬಂದಿದೆ. ಡಾಕ್ಟರು ಗುಳಿಗೆಯ ಹೆಸರಿನ ಮೊದಲ ಅಕ್ಷರಗಳನ್ನು ಹೊಡೆದರೆ ಪರದೆಯ ಮೇಲೆ ಉದ್ದನೆಯ ಪಟ್ಟಿ ಬರುತ್ತದೆ. ಮೆಟ್‌ಫಾರ್ಮಿನ್ 500 ಇರುತ್ತದೆ, ಅದರ ಕೆಳಗೇ 1000 ಇರುತ್ತದೆ. ಅವಸರದಲ್ಲಿ ಬೆರಳು ಒಂದು ಸಾಲು ಕೆಳಗೆ ಬಿದ್ದರೆ ಸಕ್ಕರೆ ಕಾಯಿಲೆಯವರ ಡೋಸ್ ಎರಡು ಪಟ್ಟು. ನೋಡಲು ಮಾತ್ರ ಚೀಟಿ ಅಚ್ಚುಕಟ್ಟಾಗಿಯೇ ಇರುತ್ತದೆ. ಹಳೆಯ ಗುಳಿಗೆಯ ಪಟ್ಟಿಯನ್ನು ಪಕ್ಕದಲ್ಲಿ ಇಟ್ಟು ಹೋಲಿಸಿ ನೋಡುವುದು ಒಳ್ಳೆಯದು.

ಡಿಜಿಟಲ್ ಸಹಿ ಅಂದರೆ ಡಾಕ್ಟರ ಸಹಿಯ ಚಿತ್ರವನ್ನು ಅಂಟಿಸಿದ್ದಲ್ಲ. ಅದು ಚೀಟಿಯಲ್ಲಿರುವ ಒಂದೊಂದು ಅಕ್ಷರವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಹಾಕುವ ಗುಪ್ತ ಗುರುತು. ತೊಗರಿ ಚೀಲದ ಬಾಯಿ ಹೊಲಿದು ಮುದ್ರೆ ಒತ್ತಿದ ಹಾಗೆ, ಯಾರಾದರೂ ಬಿಚ್ಚಿದರೆ ಗೊತ್ತಾಗುತ್ತದೆ. 5 ದಿನ ಇದ್ದದ್ದನ್ನು ಯಾರೋ 50 ದಿನ ಮಾಡಿದರೆ, ಪರೀಕ್ಷಿಸಿದಾಗ ಸಹಿ ತಾಳೆಯಾಗುವುದಿಲ್ಲ. ಪ್ರಿಂಟ್ ತೆಗೆದ ಕೂಡಲೇ ಈ ಗುಣ ಹೋಗುತ್ತದೆ. ಉಳಿಯುವುದು ಕಾಗದ ಮಾತ್ರ. ಹಾಗಾಗಿ ಪ್ರಿಂಟ್ ಕೈಯಲ್ಲಿದ್ದರೂ ಮೂಲ ಫೈಲನ್ನು ಮೊಬೈಲಿನಿಂದ ಅಳಿಸಬೇಡಿ.

ಮೆಡಿಕಲ್‌ಗೆ ಹೋದಾಗ "ಮೊಬೈಲ್‌ನಾಗಿಂದು ನಡೆಯಂಗಿಲ್ರಿ, ಚೀಟಿ ತರ್ರಿ" ಅಂದರೆ? ಔಷಧಿ ನಿಯಮಗಳು 1945ರವು. ಚೀಟಿ ಬರಹದಲ್ಲಿರಬೇಕು, ಸಹಿ ಮತ್ತು ತಾರೀಖು ಇರಬೇಕು ಎನ್ನುತ್ತದೆ ಅದರ 65ನೇ ನಿಯಮ. ಆಗ ಕಾಗದ ಬಿಟ್ಟರೆ ಬೇರೇನಿತ್ತು? ಆದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಬಂದ ಮೇಲೆ, ಬರಹ ಬೇಕು ಎಂದ ಕಡೆ ಎಲೆಕ್ಟ್ರಾನಿಕ್ ಬರಹ ಸಾಕು, ಸಹಿ ಬೇಕು ಎಂದ ಕಡೆ ಎಲೆಕ್ಟ್ರಾನಿಕ್ ಸಹಿ ಸಾಕು. ಉಯಿಲಿನಂಥ ಕೆಲವನ್ನು ಆ ಕಾಯ್ದೆ ಹೊರಗಿಟ್ಟಿದೆ, ಔಷಧಿ ಚೀಟಿಯನ್ನು ಹೊರಗಿಟ್ಟಿಲ್ಲ.

ಹಾಗಂತ ಅಂಗಡಿಯವರ ಅನುಮಾನ ಪೂರ್ತಿ ತಪ್ಪು ಅಂತಲೂ ನಾನು ಹೇಳುವುದಿಲ್ಲ. ಅದೇ 65ನೇ ನಿಯಮದ ಪ್ರಕಾರ, ಮತ್ತೆ ಕೊಡಬಹುದು ಎಂದು ಡಾಕ್ಟರು ಬರೆಯದ ಹೊರತು ಒಂದು ಚೀಟಿಗೆ ಒಂದೇ ಸಲ ಔಷಧಿ. ಕೊಟ್ಟವರು ಅಂಗಡಿಯ ಹೆಸರು, ತಾರೀಖು ಅದರ ಮೇಲೆ ನಮೂದಿಸಬೇಕು. ಕಾಗದವಾದರೆ ಸೀಲ್ ಒತ್ತಿದರೆ ಮುಗಿಯಿತು. ಮೊಬೈಲಿನ ಪಿಡಿಎಫ್ ಮೇಲೆ ಎಲ್ಲಿ ಒತ್ತುವುದು? ಅದೇ ಫೈಲ್ ಹಿಡಿದು ಒಂದೇ ರಸ್ತೆಯ ನಾಲ್ಕು ಅಂಗಡಿ ತಿರುಗಬಹುದು. ಯುರೋಪಿನ ಎಸ್ಟೋನಿಯಾ ದೇಶದಲ್ಲಿ ಈ ಗೋಳಿಲ್ಲ. ಅಲ್ಲಿ 2010ರಿಂದ ಚೀಟಿ ರೋಗಿಯ ಕೈಗೆ ಬರುವುದೇ ಇಲ್ಲ, ನೇರ ರಾಷ್ಟ್ರೀಯ ವ್ಯವಸ್ಥೆಗೆ ಹೋಗುತ್ತದೆ. ರೋಗಿ ಯಾವ ಔಷಧಿ ಅಂಗಡಿಗಾದರೂ ಹೋಗಿ ಗುರುತಿನ ಚೀಟಿ ತೋರಿಸುತ್ತಾರೆ. ಅಂಗಡಿಯವರು ಪರದೆಯಲ್ಲಿ ನೋಡಿ ಔಷಧಿ ಕೊಡುತ್ತಾರೆ, ಕೊಟ್ಟಿದ್ದು ದಾಖಲಾಗುತ್ತದೆ. ನಮ್ಮಲ್ಲಿ ಚೀಟಿ ಡಾಕ್ಟರಿಂದ ರೋಗಿಯವರೆಗೆ ಡಿಜಿಟಲ್ ಆಗಿ ಬರುತ್ತದೆ. ರೋಗಿಯಿಂದ ಅಂಗಡಿಯವರೆಗೆ ಅದನ್ನು ಹೊತ್ತೊಯ್ಯುವವರು ಸಾಮಾನ್ಯವಾಗಿ ಈಗಲೂ ನಾವೇ.

ಗಡಿ ಜಿಲ್ಲೆಯವರಿಗೆ ಒಂದು ಅನುಕೂಲ ಇದೆ. ಬೀದರಿನವರು ಹೈದರಾಬಾದಿಗೆ, ಅಫಜಲಪುರದವರು ಸೊಲ್ಲಾಪುರಕ್ಕೆ ದವಾಖಾನೆಗೆ ಹೋಗುವುದು ಹೊಸದಲ್ಲ. ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ ನೋಂದಾಯಿತ ಡಾಕ್ಟರು ದೇಶದ ಯಾವ ಮೂಲೆಯ ರೋಗಿಯನ್ನಾದರೂ ಫೋನಿನಲ್ಲಿ ನೋಡಿ ಚೀಟಿ ಕಳಿಸಬಹುದು. ಅಂದರೆ ಮುಂದಿನ ತಿಂಗಳ ಗುಳಿಗೆಗೆಂದೇ ಬಸ್ ಹತ್ತಬೇಕಿಲ್ಲ. ಆರೋಗ್ಯ ದಾಖಲೆಗಳನ್ನು ಜೋಡಿಸಲು ಸರ್ಕಾರ ಕೊಡುವ ಹದಿನಾಲ್ಕು ಅಂಕಿಯ ಆಭಾ ಸಂಖ್ಯೆ ಮಾಡಿಸಿಕೊಂಡಿದ್ದರೆ, ಆ ವ್ಯವಸ್ಥೆಗೆ ಸೇರಿದ ಆಸ್ಪತ್ರೆಗಳ ಚೀಟಿಗಳನ್ನು ಒಂದೇ ಆ್ಯಪಿನಲ್ಲಿ ಜೋಡಿಸಿಕೊಳ್ಳಬಹುದು. ಬೇರೆ ಡಾಕ್ಟರು ಅದನ್ನು ನೋಡಬೇಕೆಂದರೆ ನಿಮ್ಮ ಒಪ್ಪಿಗೆ ಬೇಕು. ಆಭಾ ಕಡ್ಡಾಯವಲ್ಲ.

ಫೋನಿನಲ್ಲಿ ನೋಡಿ ಎಲ್ಲ ಔಷಧಿಯನ್ನೂ ಬರೆಯುವಂತಿಲ್ಲ. ಬಿಪಿ, ಸಕ್ಕರೆಯ ಹಳೆಯ ಗುಳಿಗೆಯನ್ನು ಮುಂದುವರಿಸಬಹುದು. ಔಷಧಿ ನಿಯಮಗಳ ಎಕ್ಸ್ ಪಟ್ಟಿಯಲ್ಲಿರುವ, ಬಿಗಿ ನಿಯಂತ್ರಣದ ಔಷಧಿಗಳನ್ನು ಬರೆಯುವಂತಿಲ್ಲ. ಮಾರ್ಫಿನ್ ತರಹ 1985ರ ಮಾದಕ ವಸ್ತು ಕಾಯ್ದೆಯಡಿ ಬರುವವೂ ಸಾಮಾನ್ಯವಾಗಿ ಸಿಗುವುದಿಲ್ಲ. ಅವಕ್ಕೆ ಡಾಕ್ಟರ ಎದುರಿಗೇ ಕೂರಬೇಕು. ಎಕ್ಸ್ ಪಟ್ಟಿಯ ಔಷಧಿಗಾದರೆ ಚೀಟಿಯ ಎರಡು ಪ್ರತಿ ಬೇಕು. ಒಂದನ್ನು ಅಂಗಡಿಯವರು ಎರಡು ವರ್ಷ ತಮ್ಮ ಬಳಿಯೇ ಇಟ್ಟುಕೊಳ್ಳುತ್ತಾರೆ.