ಗುಂಡು ಕೆಳಗೆ ಬೀಳುತ್ತಿದೆ, ಫ್ರಂಟ್ ಸೈಟ್ ಎತ್ತರಿಸಲೇ?

ಪ್ರಶ್ನೆ: ನನ್ನ .38 ಸ್ಪೆಷಲ್ ರಿವಾಲ್ವರಿನಲ್ಲಿ ಗುರಿ ಹಿಡಿಯುವ ಹಿಂದಿನ ಗುರುತು, ರಿಯರ್ ಸೈಟ್, ಅಂದರೆ ಫ್ರೇಮಿನ ಮೇಲೆ ಕೊರೆದ ಕಚ್ಚು ಅಷ್ಟೇ, ತಿರುಗಿಸಲು ಸ್ಕ್ರೂ ಇಲ್ಲ. 15 ಮೀಟರಿನಲ್ಲಿ ಗುಂಡುಗಳು ನಡುಬಿಂದುವಿಗಿಂತ ನಾಲ್ಕು ಬೆರಳು ಕೆಳಗೆ ಬೀಳುತ್ತಿವೆ. ಮೂತಿಯ ಮೇಲಿನ ಗುರುತು, ಫ್ರಂಟ್ ಸೈಟ್, ಸ್ವಲ್ಪ ಅಲ್ಲಾಡುತ್ತದೆ ಕೂಡ. ಎತ್ತರದ ಹೊಸ ಸೈಟ್ ಹಾಕಿಸಿದರೆ ಸರಿಹೋಗುತ್ತದೆಯೇ?

ಇಲ್ಲ. ಇನ್ನೂ ಕೆಳಗೆ ಬೀಳುತ್ತವೆ.

ಈ ಉತ್ತರವನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ಮುಂದಿನ ಪತ್ರದಲ್ಲಿ ಅದೇ ಪ್ರಶ್ನೆ. ಗುಂಡು ಕೆಳಗೆ ಹೋದರೆ ಸೈಟ್ ಮೇಲೆ, ಮೇಲೆ ಹೋದರೆ ಸೈಟ್ ಕೆಳಗೆ ಎಂಬ ನಂಬಿಕೆಗೆ ಅದೇನು ಆಯಸ್ಸೋ! ಅದು ಪೂರ್ತಿ ಹುಸಿಯೇನಲ್ಲ, ರಿಯರ್ ಸೈಟಿನ ಮಟ್ಟಿಗೆ ಅಪ್ಪಟ ನಿಜ. ಹಿಂದಿನದನ್ನು ಎತ್ತರಿಸಿದರೆ ಗುಂಡು ಮೇಲೇರುತ್ತದೆ. ಆ ನಿಯಮವನ್ನೇ ತಂದು ಮುಂದಿನದಕ್ಕೆ ಅಂಟಿಸುವುದರಿಂದ ಎಡವಟ್ಟಾಗುತ್ತದೆ.

ಮಾತಿನಲ್ಲಿ ಒಪ್ಪದವರು ಒಂದು ಅಡಿಗೋಲು ತೆಗೆದುಕೊಳ್ಳಿ. ಅದರ ಎರಡೂ ತುದಿಗೆ ಒಂದೊಂದು ರಬ್ಬರ್ ತುಂಡು ಇಟ್ಟು, ಎರಡರ ನೆತ್ತಿಯೂ ಗೋಡೆಯ ಮೇಲಿನ ಒಂದು ಚುಕ್ಕೆಗೆ ನೇರವಾಗುವಂತೆ ಕಣ್ಣಳತೆ ಹಿಡಿಯಿರಿ. ಈಗ ಮುಂದಿನ ತುಂಡಿನ ಮೇಲೆ ಇನ್ನೊಂದು ತುಂಡು ಏರಿಸಿ. ಹಾಗೇ ನೋಡಿದರೆ ಅದು ಚುಕ್ಕೆಯನ್ನೇ ಮರೆಮಾಡುತ್ತದೆ. ಮತ್ತೆ ನೇರ ಮಾಡಲು ಏನು ಮಾಡಿದಿರಿ? ಅಡಿಗೋಲಿನ ಮುಂದಿನ ತುದಿಯನ್ನು ತಗ್ಗಿಸಿದಿರಿ. ಆ ಅಡಿಗೋಲೇ ನಿಮ್ಮ ಬ್ಯಾರೆಲ್. ಕಣ್ಣು, ಕಚ್ಚು, ಫ್ರಂಟ್ ಸೈಟ್, ಗುರಿ ಇವು ನಾಲ್ಕೂ ಒಂದೇ ಗೆರೆಯಲ್ಲಿ ಬರುವಂತೆ ಕೈ ತಾನಾಗಿ ಹೊಂದಿಸಿಕೊಳ್ಳುತ್ತದೆ. ಮುಂದೆ ಎತ್ತರ ಹೆಚ್ಚಿದಷ್ಟೂ ಮೂತಿ ತಗ್ಗುತ್ತದೆ.

ನೆನಪಿಡಲು ಇಷ್ಟು ಸಾಕು: ಗುಂಡು ಎತ್ತ ಹೋಯಿತೋ ಫ್ರಂಟ್ ಸೈಟ್ ಅತ್ತಲೇ ಹೋಗಬೇಕು. ಎಡಕ್ಕೆ ಹೋಗುತ್ತಿದ್ದರೆ ಎಡಕ್ಕೆ ಸರಿಸಿ, ಕೆಳಗೆ ಹೋಗುತ್ತಿದ್ದರೆ ತಗ್ಗಿಸಿ.

ಒಬ್ಬ ಶಿಷ್ಯ ತನ್ನ ರಿವಾಲ್ವರ್ ಹಿಡಿದು ಬಂದಿದ್ದ. ಫ್ರಂಟ್ ಸೈಟಿನ ನೆತ್ತಿ ಬೆಳ್ಳಿಯಂತೆ ಹೊಳೆಯುತ್ತಿತ್ತು. "ಸರ್, ಮೂರು ಸೆಂಟಿಮೀಟರ್ ಮೇಲೆ ಹೊಡೀತಿತ್ತು, ಅರ ಹಾಕಿ ಅರ್ಧ ಮಿಲಿಮೀಟರ್ ತಗ್ಗಿಸಿದೆ. ಈಗ ಎಂಟು ಮೇಲೆ ಹೊಡೀತಿದೆ, ಇನ್ನೂ ಉಜ್ಜಲಾ?" ಅಂದ. ಅರವನ್ನು ಮೊದಲು ಅವನ ಕೈಯಿಂದ ಕಿತ್ತುಕೊಂಡೆ. ಉಜ್ಜಿದ ಲೋಹ ಮರಳಿ ಬರುವುದಿಲ್ಲ. ಅವನಿಗೆ ನಿಜವಾಗಿ ಬೇಕಿದ್ದದ್ದು ಎತ್ತರದ ಸೈಟ್, ನಿಮಗಲ್ಲ.

ಎಷ್ಟು ಉಜ್ಜಬೇಕು ಎಂಬುದಕ್ಕೆ ಲೆಕ್ಕವಿದೆ. ಎರಡು ಸೈಟ್‌ಗಳ ನಡುವಿನ ಅಂತರವನ್ನು ಗುಂಡು ತಪ್ಪಿದ ಅಳತೆಯಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಿ. ನಿಮ್ಮ ನಾಲ್ಕು ಬೆರಳನ್ನು 75 ಮಿಲಿಮೀಟರ್ ಅಂದುಕೊಳ್ಳೋಣ, ಸೈಟ್‌ಗಳ ಅಂತರ 150. ಅಲ್ಲಿಗೆ 150 × 75 ÷ 15,000, ಅಂದರೆ 0.75 ಮಿಲಿಮೀಟರ್. ಮುಕ್ಕಾಲು ಮಿಲಿಮೀಟರಿನಷ್ಟೇ! ವರ್ನಿಯರ್ ಕ್ಯಾಲಿಪರ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ಕಾಲು ಮಿಲಿಮೀಟರ್ ಉಜ್ಜಿ, ಮತ್ತೆ ಹೊಡೆದು ನೋಡಿ, ಆಮೇಲೆ ಮುಂದಿನ ಕಾಲು. ನೆತ್ತಿ ಸಮತಟ್ಟಾಗಿರಲಿ, ಅಂಚು ಚೂಪಾಗಿರಲಿ, ಕೊನೆಗೆ ಕೋಲ್ಡ್ ಬ್ಲೂ (ಉಕ್ಕನ್ನು ಕಪ್ಪಾಗಿಸುವ ದ್ರಾವಣ) ಸವರಿ ಹೊಳಪು ಕೊಲ್ಲಿ.

ಆದರೆ ಅದಕ್ಕೂ ಮೊದಲು ಆ ಅಲ್ಲಾಟ. ಬ್ಯಾರೆಲಿನ ಜೊತೆಗೇ ಒಂದೇ ತುಂಡಾಗಿ ಕಡೆದ ಸೈಟ್ ಅಲ್ಲಾಡಲಾರದು. ಹಾಗಾಗಿ ನಿಮ್ಮದು ಬಹುತೇಕ ಬ್ಯಾರೆಲಿನ ಮೇಲೆ ಕೊರೆದ ಸೀಳಿನಲ್ಲಿ ಕೂರಿಸಿ ಅಡ್ಡ ಪಿನ್ ಹೊಡೆದ ಬಗೆಯದು. ಸಿಲಿಂಡರ್ ಹೊರತೆಗೆದು ಎಲ್ಲ ಕೋಣೆಗಳೂ ಖಾಲಿ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿಕೊಳ್ಳಿ. ವೈಸಿನ ದವಡೆಗೆ ಚರ್ಮವೋ ಮರವೋ ಕೊಟ್ಟು ಬ್ಯಾರೆಲ್ ಹಿಡಿಸಿ, ಪಿನ್ನಿನ ಅಳತೆಯದೇ ಪಂಚ್ ಇಟ್ಟು ಹೊರಗೆ ತಟ್ಟಿ. ಪಿನ್ ಸವೆದಿದ್ದರೆ ಹೊಸದು ಸಾಕು. ತೂತೇ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಹೊಸ ಸೈಟ್ ಹಾಕಿಸಿ ಅಥವಾ ತೂತನ್ನು ಹಿಗ್ಗಿಸಿ ದಪ್ಪ ಪಿನ್ ಹೊಡೆಸಿ. ಇದು ಪರವಾನಗಿ ಇರುವ ಗನ್‌ಸ್ಮಿತ್ ಕೆಲಸ. ಸಡಿಲ ಸೈಟಿನಲ್ಲಿ ಹೊಡೆದು ಅಳೆದ ನಾಲ್ಕು ಬೆರಳಿಗೆ ನಾನಂತೂ ಬೆಲೆ ಕೊಡುವುದಿಲ್ಲ.

ಇನ್ನೊಂದು ಅನುಮಾನ, ಬೇಜಾರು ಮಾಡಿಕೊಳ್ಳಬೇಡಿ: ಕೆಳಗೆ ಹೊಡೆಯುತ್ತಿರುವುದು ರಿವಾಲ್ವರೋ ನೀವೋ? ರೇಂಜಿನಲ್ಲಿ ಗೆಳೆಯರೊಬ್ಬರಿಗೆ ಹೇಳಿ, ನಿಮಗೆ ಗೊತ್ತಾಗದಂತೆ ಗುಂಡುಗಳ ನಡುವೆ ಒಂದೆರಡು ಖಾಲಿ ಕೇಸ್ (ಹೊಡೆದಾದ ತೋಟೆಯ ಚಿಪ್ಪು) ಸೇರಿಸಿ ಕೊಡಲಿ. ಹ್ಯಾಮರ್ ಖಾಲಿ ಕೇಸಿನ ಮೇಲೆ ಬಿದ್ದಾಗಲೂ ಮೂತಿ ಗಕ್ಕನೆ ಕೆಳಗೆ ಬಗ್ಗಿದರೆ ತಪ್ಪು ಯಾರದೆಂದು ಗೊತ್ತಾಯಿತಲ್ಲ. ಮರಳುಚೀಲದ ಮೇಲೆ ಕೈಯಿಟ್ಟು ಐದೈದರಂತೆ ಮೂರು ಸುತ್ತು ಹೊಡೆದ ಮೇಲಷ್ಟೇ ಅರದ ಮಾತು.

ನೀವು ಕೇಳದಿದ್ದರೂ ಹೇಳಲೇಬೇಕಾದದ್ದು ಗುಂಡಿನ ತೂಕದ ವಿಚಾರ. ಭಾರದ ಗುಂಡು ಕೆಳಗೆ ಬೀಳುತ್ತದೆ, ಹಗುರದ್ದು ಮೇಲೆ ಹೊಡೆಯುತ್ತದೆ ಎಂದು ನೀವೂ ನಂಬಿರಬಹುದು. ರಿವಾಲ್ವರಿನಲ್ಲಿ ಈ ದೂರಕ್ಕೆ ಸಾಮಾನ್ಯವಾಗಿ ನಡೆಯುವುದು ಅದರ ತಿರುಗುಮುರುಗು. ಬ್ಯಾರೆಲ್ ನಿಮ್ಮ ಮುಷ್ಟಿಗಿಂತ ಮೇಲಿದೆ, ಹಾಗಾಗಿ ಗುಂಡು ಇನ್ನೂ ಒಳಗೆ ಓಡುತ್ತಿರುವಾಗಲೇ ಹಿಂದೊದೆತಕ್ಕೆ ಮೂತಿ ಏಳಲು ಶುರು. ಭಾರದ ಗುಂಡು ನಿಧಾನ, ಬ್ಯಾರೆಲಿನಲ್ಲಿ ಹೆಚ್ಚು ಹೊತ್ತು ಇರುತ್ತದೆ, ಹೆಚ್ಚು ಎದ್ದ ಮೂತಿಯಿಂದ ಹೊರಬೀಳುತ್ತದೆ. ಗುರುತ್ವದ ಪಾಲು ಇಲ್ಲಿ ಎಷ್ಟು ಗೊತ್ತೇ? ಸೆಕೆಂಡಿಗೆ 260 ಮೀಟರ್ ಓಡುವ ಗುಂಡು 15 ಮೀಟರಿಗೆ ಸುಮಾರು 16 ಮಿಲಿಮೀಟರ್ ಇಳಿದರೆ, 290 ಮೀಟರ್ ಓಡುವುದು 13 ಇಳಿಯುತ್ತದೆ. ಬರೀ ಮೂರು ಮಿಲಿಮೀಟರ್ ವ್ಯತ್ಯಾಸ!

ರಿವಾಲ್ವರಿನ ಫ್ರಂಟ್ ಸೈಟ್ ಅಷ್ಟು ಎತ್ತರ ಇರುವುದೂ ಇದಕ್ಕೇ. ಖಾಲಿ ಮಾಡಿದ ರಿವಾಲ್ವರಿನ ಬ್ಯಾರೆಲಿಗೆ ಬಿಗಿಯಾಗಿ ಕೂರುವ ಮರದ ಕೋಲು ತೂರಿಸಿ, ಎರಡೂ ಸೈಟ್‌ಗಳ ಮೇಲೆ ಉದ್ದನೆಯ ಸ್ಕೇಲ್ ಇಟ್ಟು ಪಕ್ಕದಿಂದ ನೋಡಿ. ಮುಂದೆ ಹೋದಂತೆ ಕೋಲು ಸ್ಕೇಲಿನಿಂದ ದೂರ, ಕೆಳಕ್ಕೆ ಜಾರುತ್ತದೆ. ಬ್ಯಾರೆಲ್ ನೆಲದತ್ತ ನೋಡುತ್ತಿರುತ್ತದೆ, ಹಿಂದೊದೆತ ಅದನ್ನು ಗುರಿಗೆ ಎತ್ತುತ್ತದೆ. ಎಷ್ಟು ಎತ್ತುತ್ತದೆ ಎಂಬುದು ತೋಟೆಯ ಮೇಲೆ ನಿಂತಿದೆ.

ಕಚ್ಚು ಸೈಟಿನ .38 ಸ್ಪೆಷಲ್‌ಗಳನ್ನು ಸಾಮಾನ್ಯವಾಗಿ 158 ಗ್ರೇನ್, ಅಂದರೆ ಹತ್ತು ಗ್ರಾಂ ಚಿಲ್ಲರೆ ತೂಕದ ಗುಂಡಿಗೆ ಹೊಂದಿಸಿರುತ್ತಾರೆ. ನೀವು ಯಾವುದು ಹೊಡೆಯುತ್ತಿದ್ದೀರಿ ಎಂದು ಬರೆದೇ ಇಲ್ಲ. 110 ಅಥವಾ 125 ಗ್ರೇನ್ ಆಗಿದ್ದರೆ ಅರ ಪಕ್ಕಕ್ಕಿಡಿ. ಪಿನ್ ಬಿಗಿ ಮಾಡಿಸಿ, 158 ಗ್ರೇನಿನ ಒಂದು ಪೆಟ್ಟಿಗೆ ತಂದು ಹೊಡೆದು ನೋಡಿ. ನಾಲ್ಕು ಬೆರಳು ಎರಡಾಗಬಹುದು, ಉಜ್ಜುವ ಕೆಲಸವೇ ಇಲ್ಲದೆಯೂ ಹೋಗಬಹುದು.