ಸಮೀಕ್ಷೆಗೆ ಸಿಗದವರು ಎಲ್ಲಿ ಹೋದರು?

ಭೀಮೆಗೆ ನೆರೆ ಬಂದು ಹೋದ ಮೇಲೆ ನೆರೆಪೀಡಿತರ ಆರೋಗ್ಯದ ಬಗ್ಗೆ ಪ್ರಬಂಧಗಳು ಬರಲು ಶುರುವಾಗುತ್ತವೆ. ಕೆಲವು ಪಿಜಿ ವಿದ್ಯಾರ್ಥಿಗಳವು, ಕೆಲವು ಜರ್ನಲ್‌ನವರು ಪ್ರಕಟಿಸುವ ಮೊದಲು ರಿವ್ಯೂಗೆ, ಅಂದರೆ ಪರಿಶೀಲನೆಗೆ, ಕಳಿಸಿದವು. ಕಲಬುರಗಿಯಲ್ಲಿ ಸಮುದಾಯ ವೈದ್ಯಶಾಸ್ತ್ರ ಕಲಿಸುವ ನನ್ನ ಮೇಜಿಗೆ ಇಂಥವು ಬಂದು ಬೀಳುವುದು ಸಹಜವೇ. ಓದುವವರ ಕಣ್ಣು ಮೊದಲು ಹೋಗುವುದು ಫಲಿತಾಂಶದ ಶೇಕಡಾವಾರು ಲೆಕ್ಕಕ್ಕೆ. ಪತ್ರಿಕೆಯಲ್ಲಿ ಸುದ್ದಿಯಾಗುವುದೂ ಅದೇ. ನಾನು ಅದನ್ನು ಕೊನೆಗೆ ನೋಡುತ್ತೇನೆ. ಯಾರನ್ನು ಮಾತಾಡಿಸಿದ್ದಾರೆ, ಯಾರು ಸಿಗಲೇ ಇಲ್ಲ ಅನ್ನುವುದು ನನಗೆ ಮೊದಲು ಬೇಕು.

2020ರ ಅಕ್ಟೋಬರ್ ನೆರೆಯನ್ನೇ ತೆಗೆದುಕೊಳ್ಳಿ. ಅಫಜಲಪುರದ ಕಡೆಯಿಂದ ಯಾದಗಿರಿವರೆಗೆ ನದಿ ದಂಡೆಯ ಊರುಗಳಿಗೆ ನೀರು ನುಗ್ಗಿತ್ತು. ಶಾಲೆಗಳಲ್ಲಿ ಕಾಳಜಿ ಕೇಂದ್ರ ತೆರೆದರು. (ಸರ್ಕಾರ ಹೆಸರು ಬದಲಿಸಿದರೂ ಜನ ಇನ್ನೂ ಗಂಜಿ ಕೇಂದ್ರ ಅಂತಲೇ ಕರೆಯುತ್ತಾರೆ.) ಸಂಶೋಧಕರಿಗೆ ಇಂಥ ಜಾಗ ಬಹಳ ಅನುಕೂಲ. ಎಲ್ಲರೂ ಒಂದೇ ಕಡೆ ಸಿಗುತ್ತಾರೆ, ಒಂದು ದಿನದಲ್ಲಿ ಫಾರ್ಮ್ ತುಂಬಿಸಬಹುದು. ಆದರೆ ಅಲ್ಲಿಗೆ ಬರುವವರು ಯಾರು? ಹೆಚ್ಚಾಗಿ ಹೆಂಗಸರು, ಮಕ್ಕಳು, ಮುದುಕರು. ಎಮ್ಮೆ, ಎತ್ತು ಬಿಟ್ಟು ಬರಲಾಗದ ಗಂಡಸು ದಿಬ್ಬದ ಮೇಲೆ ಉಳಿದಿರುತ್ತಾನೆ. ಸ್ವಲ್ಪ ಅನುಕೂಲ ಇದ್ದವರು ನೆಂಟರ ಮನೆ ಸೇರಿರುತ್ತಾರೆ. ತೀರಾ ಕಾಯಿಲೆ ಇದ್ದವರನ್ನು ಆಸ್ಪತ್ರೆಗೆ ಸಾಗಿಸಿರುತ್ತಾರೆ. ದುಡಿಯುವ ವಯಸ್ಸಿನ ಎಷ್ಟೋ ಮಂದಿ ಪುಣೆಗೋ, ಮುಂಬೈಗೋ, ಹೈದರಾಬಾದಿಗೋ ಗುಳೆ ಹೋಗಿರುತ್ತಾರೆ. ಹೀಗಿರುವಾಗ ಕೇಂದ್ರದಲ್ಲಿ ಮಾಡಿದ ಸಮೀಕ್ಷೆ ಆ ಕೇಂದ್ರದ ಕತೆ ಹೇಳುತ್ತದೆ, ಊರಿನದ್ದಲ್ಲ. ಇದರಲ್ಲಿ ತಪ್ಪೇನಿಲ್ಲ. ಆದರೆ ಶೀರ್ಷಿಕೆಯಲ್ಲಿ ‘ಕಲಬುರಗಿ ಜಿಲ್ಲೆಯ ನೆರೆಪೀಡಿತರು’ ಅಂತ ಬರೆದಾಗ ನನ್ನ ಪೆನ್ನು ಮೇಲೇಳುತ್ತದೆ.

ಇದು ಸಣ್ಣ ಅಧ್ಯಯನಗಳ ತೊಂದರೆ ಮಾತ್ರ ಅಲ್ಲ. ಹಿರೋಶಿಮಾ, ನಾಗಸಾಕಿಯಲ್ಲಿ ಬಾಂಬಿಗೆ ಸಿಕ್ಕಿ ಉಳಿದವರ ಅಧ್ಯಯನ ಜಗತ್ತಿಗೇ ಮಾದರಿ. ಸುಮಾರು 1 ಲಕ್ಷ 20 ಸಾವಿರ ಜನರನ್ನು ದಶಕಗಳ ಕಾಲ ನೋಡುತ್ತಾ ಬಂದಿದ್ದಾರೆ. ವಿಕಿರಣದಿಂದ ಕ್ಯಾನ್ಸರ್ ಎಷ್ಟು ಹೆಚ್ಚುತ್ತದೆ ಅನ್ನುವ ಲೆಕ್ಕದ ಬಹುಪಾಲು ಬಂದದ್ದು ಅಲ್ಲಿಂದಲೇ. ಆದರೆ ಆ ಪಟ್ಟಿ ತಯಾರಾಗಿದ್ದು 1950ರ ಜನಗಣತಿಯ ಆಧಾರದ ಮೇಲೆ. ಬಾಂಬ್ ಬಿದ್ದದ್ದು 1945ರಲ್ಲಿ. ನಡುವಿನ ಐದು ವರ್ಷದಲ್ಲಿ ಸತ್ತವರು ಆ ಪಟ್ಟಿಯಲ್ಲಿಲ್ಲ. ಗಟ್ಟಿ ಇದ್ದವರಷ್ಟೇ ಲೆಕ್ಕಕ್ಕೆ ಸಿಕ್ಕರಾ ಅನ್ನುವ ವಾದ ಬಹಳ ಕಾಲ ನಡೆಯಿತು. ಒಳ್ಳೆಯ ಅಧ್ಯಯನಕ್ಕೂ ಈ ಪ್ರಶ್ನೆ ತಪ್ಪಿದ್ದಲ್ಲ.

ನಮ್ಮ ದೇಶದಲ್ಲಿ ಭೋಪಾಲ್ ಇದೆ. 1984ರ ಡಿಸೆಂಬರ್ 2ರ ರಾತ್ರಿ ಅನಿಲ ಸೋರಿದ ಮೇಲೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸುಮಾರು 80 ಸಾವಿರ ಜನರನ್ನು ಗುರುತು ಹಾಕಿಕೊಂಡು ಅಧ್ಯಯನ ಶುರು ಮಾಡಿತು. ಯಾರು ಎಷ್ಟು ಅನಿಲ ಕುಡಿದರು ಅಂತ ಅಳೆಯಲು ಉಪಕರಣ ಇರಲಿಲ್ಲ. ಹಾಗಾಗಿ ಮೊದಲ ದಿನಗಳಲ್ಲಿ ಯಾವ ಬಡಾವಣೆಯಲ್ಲಿ ಸಾವು ಎಷ್ಟಾಯಿತು ಅನ್ನುವುದರ ಮೇಲೆ ತೀವ್ರ, ಮಧ್ಯಮ, ಕಡಿಮೆ ಅಂತ ವಿಂಗಡಿಸಿದರು. ಆ ಹೊತ್ತಿಗೆ ಬೇರೆ ದಾರಿ ಇರಲಿಲ್ಲ ಅಂತಲೇ ನನ್ನ ಅಭಿಪ್ರಾಯ. ಆದರೂ ಅದು ವಿಳಾಸದ ಅಳತೆ, ಮನುಷ್ಯನ ಅಳತೆ ಅಲ್ಲ. ಒಂದೇ ಓಣಿಯಲ್ಲಿ ಒಬ್ಬ ಬಾಗಿಲು ಹಾಕಿ ಕೂತಿರುತ್ತಾನೆ, ಇನ್ನೊಬ್ಬ ಗಾಳಿ ಬೀಸುವ ದಿಕ್ಕಿಗೇ ಓಡಿರುತ್ತಾನೆ. ಇಂಥ ಅಧ್ಯಯನದಲ್ಲಿ ಗುಂಪುಗಳ ನಡುವಿನ ವ್ಯತ್ಯಾಸ ನಿಜಕ್ಕಿಂತ ಕಡಿಮೆ ಕಾಣುವ ಸಾಧ್ಯತೆ ಇದೆ. ವ್ಯತ್ಯಾಸ ಕಾಣಲಿಲ್ಲ ಅಂದಮಾತ್ರಕ್ಕೆ ಹಾನಿ ಆಗಿಲ್ಲ ಅಂತ ಅರ್ಥ ಅಲ್ಲ.

ಎರಡನೆಯದಾಗಿ ನಾನು ಹುಡುಕುವುದು ‘ಮೊದಲು ಹೇಗಿತ್ತು’ ಅನ್ನುವುದನ್ನು. ನೆರೆ ಊರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರಿಗೆ ರಕ್ತಹೀನತೆ ಇದೆ, ಇದು ನೆರೆಯ ಪರಿಣಾಮ ಅಂತ ಬರೆದರೆ ಏನು ಹೇಳೋಣ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇತ್ತು. ನೀರು ಬರುವ ಮೊದಲೇ ಇದ್ದ ತೊಂದರೆ ಅದು. ಪಕ್ಕದ, ನೀರು ನುಗ್ಗದ ಊರಿನ ಹೆಂಗಸರನ್ನೂ ಪರೀಕ್ಷೆ ಮಾಡಿದ್ದರೆ ಗೊತ್ತಾಗುತ್ತಿತ್ತು. ಅದಕ್ಕೆ ಖರ್ಚು ಇದೆ, ನಿಜ. ಪಿಎಚ್‌ಸಿಯ ಹಳೇ ರಿಜಿಸ್ಟರ್ ತಿರುವಿ ಹಾಕಲು ಖರ್ಚಿಲ್ಲ ಅಲ್ವಾ?

ಹುಡುಕಿದಷ್ಟೂ ಸಿಗುವ ಕಾಯಿಲೆಗಳೂ ಇವೆ. ಫುಕುಶಿಮಾ ಅಣು ದುರಂತ ಆದದ್ದು 2011ರ ಮಾರ್ಚ್‌ನಲ್ಲಿ. ಆಮೇಲೆ ಆ ಪ್ರಾಂತ್ಯದ ಸುಮಾರು 3 ಲಕ್ಷ ಮಕ್ಕಳ ಥೈರಾಯ್ಡ್‌ಗೆ ಅಲ್ಟ್ರಾಸೌಂಡ್ ಮಾಡಿದರು. ನೂರಕ್ಕೂ ಹೆಚ್ಚು ಕ್ಯಾನ್ಸರ್ ಸಿಕ್ಕಿತು, ಜನ ಹೆದರಿದರು. ತೊಗರಿಯ ಜರಡಿ ಸಣ್ಣದಾದಷ್ಟೂ ನುಚ್ಚು ಜಾಸ್ತಿ ಸಿಗುತ್ತದೆ. ಇದೂ ಹಾಗೇ. ಲಕ್ಷಣ ಇಲ್ಲದ ಲಕ್ಷಾಂತರ ಮಕ್ಕಳನ್ನು ಅಷ್ಟು ಸೂಕ್ಷ್ಮ ಯಂತ್ರದಲ್ಲಿ ನೋಡಿದರೆ ದುರಂತ ಆಗದ ಊರಲ್ಲೂ ಇಂಥವು ಸಿಗುತ್ತವೆ. ವಿಶ್ವಸಂಸ್ಥೆಯ ವಿಕಿರಣ ಸಮಿತಿ ಕೊಟ್ಟ ವಿವರಣೆಯೂ ಇದೇ. ಚೆರ್ನೋಬಿಲ್ ಕತೆ ಬೇರೆ. ಅಲ್ಲಿ ವಿಕಿರಣ ಸೂಸುವ ಅಯೋಡಿನ್ ಬೆರೆತ ಹಾಲು ಕುಡಿದ ಮಕ್ಕಳಲ್ಲಿ ಥೈರಾಯ್ಡ್ ಕ್ಯಾನ್ಸರ್ ನಿಜವಾಗಿಯೇ ಹೆಚ್ಚಿತ್ತು. ಎರಡನ್ನೂ ಒಂದೇ ಸಾಲಿನಲ್ಲಿ ಉದಾಹರಣೆ ಕೊಡುವ ಪ್ರಬಂಧಗಳು ನನಗೆ ಇನ್ನೂ ಬರುತ್ತಿವೆ.

ಮಾನಸಿಕ ಆರೋಗ್ಯದ ಪ್ರಶ್ನಾವಳಿಯ ಬಗ್ಗೆ ಒಂದು ಮಾತು. ನೆರೆ ಊರೊಂದರಲ್ಲಿ ಹುಡುಗಿಯೊಬ್ಬಳು ಫಾರ್ಮ್ ಹಿಡಿದು ವಯಸ್ಸಾದ ಹೆಂಗಸೊಬ್ಬರನ್ನು ಕೇಳುತ್ತಿದ್ದಳು: ‘ಯವ್ವಾ, ಕೆಟ್ಟ ಕನಸು ಬೀಳ್ತಾವೇನ್ರಿ?’ ಆಕೆ ಅಂದರು: ‘ನಿದ್ದಿನೇ ಹತ್ತವಲ್ದು, ಕನಸು ಎಲ್ಲಿಂದ ಬೀಳಬೇಕವ್ವಾ?’ ಹುಡುಗಿ ‘ಇಲ್ಲ’ ಅಂತ ಗುರುತು ಹಾಕಿದಳು. ನಿಯಮದ ಪ್ರಕಾರ ಆಕೆ ಮಾಡಿದ್ದು ಸರಿಯೇ. ಆದರೆ ನಿದ್ದೆಯೇ ಇಲ್ಲದ ಆ ಹೆಂಗಸಿಗೆ ಈ ಪ್ರಶ್ನೆಯಲ್ಲಿ ಬಿದ್ದದ್ದು ಸೊನ್ನೆ. ಹಾಗಾಗಿ ಪ್ರಶ್ನಾವಳಿಯನ್ನು ಇಲ್ಲಿನ ಜನರ ಮೇಲೆ ಮೊದಲು ಪ್ರಯೋಗಿಸಿ ನೋಡಿದ್ದೀರಾ, ಯಾರು ಕೇಳಿದರು, ಯಾವ ಭಾಷೆಯಲ್ಲಿ ಕೇಳಿದರು ಅಂತ ನಾನು ಕೇಳುತ್ತೇನೆ. ತಾಂಡಾದಲ್ಲಿ ಲಂಬಾಣಿ, ನಗರದ ಹಲವು ಓಣಿಗಳಲ್ಲಿ ದಖ್ಖನಿ ಉರ್ದು ಮಾತಾಡುವ ಜಿಲ್ಲೆ ನಮ್ಮದು. ‘ಕನ್ನಡದಲ್ಲಿ ಸಂದರ್ಶನ ಮಾಡಲಾಯಿತು’ ಅನ್ನುವ ಒಂದೇ ಸಾಲು ಸಾಕಾಗುವುದಿಲ್ಲ.

ಪರಿಹಾರದ ವಿಷಯವೂ ಇದರಲ್ಲಿ ಸೇರಿಕೊಳ್ಳುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಜನ ಮಲಗಿದ್ದಾಗ, ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಕಲ್ಲು ಮಣ್ಣಿನ ಗೋಡೆಗಳಡಿ ಸುಮಾರು 10 ಸಾವಿರ ಜನ ಸತ್ತರು. ಗಡಿಯ ಈಚೆ ಬೀದರ್, ಆಳಂದದವರಿಗೂ ಆ ರಾತ್ರಿಯ ನೆನಪಿದೆ. ಅಂಥ ಊರಿಗೆ ಹೋಗಿ ಆರೋಗ್ಯ ಹೇಗಿದೆ ಅಂತ ಕೇಳಿದರೆ, ಪರಿಹಾರದ ಪಟ್ಟಿಯಲ್ಲಿ ಇನ್ನೂ ಹೆಸರು ಬರಬೇಕಾದವನು ಒಂದು ಉತ್ತರ ಕೊಡುತ್ತಾನೆ, ಮನೆ ಸಿಕ್ಕವನು ಇನ್ನೊಂದು. ಸುಳ್ಳು ಹೇಳುತ್ತಾರೆ ಅಂತಲ್ಲ. ಕೇಳುವವನು ಸರ್ಕಾರದವನೋ ಅಲ್ಲವೋ ಅಂತ ಅವರಿಗೆ ಗೊತ್ತಿರುವುದಿಲ್ಲ. ಸಮೀಕ್ಷೆಯವರ ಜೊತೆ ಗ್ರಾಮ ಲೆಕ್ಕಿಗರೂ ಬಂದಿದ್ದರಾ ಅಂತ ನಾನು ಬರೆದು ಕೇಳುವುದು ಇದಕ್ಕೇ. ಕೆಲವು ಲೇಖಕರಿಗೆ ಸಿಟ್ಟು ಬರುತ್ತದೆ.

ಒಪ್ಪಿಗೆ ಪತ್ರದ ವಿಚಾರದಲ್ಲಿ ಮಾತ್ರ ನಾನು ರಾಜಿ ಆಗುವುದಿಲ್ಲ. ರೇಷನ್ ಕಿಟ್ ಕೊಡುವ ಸಾಲಿನಲ್ಲೇ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರೆ ಅದನ್ನು ಒಪ್ಪಿಗೆ ಅನ್ನಲಾಗದು. ಐಸಿಎಂಆರ್ 2017ರ ನೈತಿಕ ಮಾರ್ಗಸೂಚಿಯಲ್ಲಿ ದುರಂತದ ಹೊತ್ತಿನ ಸಂಶೋಧನೆಗೇ ಒಂದು ಭಾಗ ಇದೆ. ನೆರವು ಬೇರೆ, ಸಂಶೋಧನೆ ಬೇರೆ ಅಂತ ಜನರಿಗೆ ತಿಳಿಯಬೇಕು. ಶುಗರ್, ಬಿಪಿ ಹೆಚ್ಚಿದ್ದು ಸಿಕ್ಕಿದರೆ ಅವರನ್ನು ಎಲ್ಲಿಗೆ ಕಳಿಸಿದಿರಿ ಅಂತಲೂ ಕೇಳುತ್ತೇನೆ. ಹಿರೋಶಿಮಾದಲ್ಲಿ ಅಮೆರಿಕದ ತಂಡ ಪರೀಕ್ಷೆ ಮಾಡುತ್ತದೆ, ಚಿಕಿತ್ಸೆ ಕೊಡುವುದಿಲ್ಲ ಅನ್ನುವ ಸಿಟ್ಟು ಉಳಿದವರಲ್ಲಿ ಬಹಳ ವರ್ಷ ಇತ್ತು. ಪ್ರಬಂಧದಲ್ಲಿ ಇದಕ್ಕೆ ಉತ್ತರ ಇಲ್ಲದಿದ್ದರೆ ಅಂಕಿಅಂಶ ಎಷ್ಟೇ ಚೆನ್ನಾಗಿರಲಿ, ವಾಪಸ್ ಕಳಿಸಿ ಅಂತ ಸಂಪಾದಕರಿಗೆ ಬರೆಯುತ್ತೇನೆ.