ಲಂಡನ್ನಿಗೆ ಹೋಗುವಾಗ ಬೇಗ, ಬರುವಾಗ ತಡವೇ?

ಪ್ರಶ್ನೆ: ಬೆಂಗಳೂರಿನಿಂದ ಲಂಡನ್ನಿಗೆ ಎಷ್ಟು ದೂರ, ಎಷ್ಟು ಹೊತ್ತಿನ ಪ್ರಯಾಣ? ಭೂಮಿ ಪೂರ್ವಕ್ಕೆ ತಿರುಗುವುದರಿಂದ ಪಶ್ಚಿಮಕ್ಕೆ ಹೋಗುವ ವಿಮಾನ ಬೇಗ ತಲುಪುತ್ತದೆಯಂತೆ, ಹೌದೇ?

ಮೊದಲ ಭಾಗಕ್ಕೆ ಉತ್ತರ ಚಿಕ್ಕದು. ದೇವನಹಳ್ಳಿಯಿಂದ ಹೀಥ್ರೂವರೆಗೆ ಭೂಗೋಳದ ಮೇಲೆ ದಾರ ಎಳೆದು ಅಳೆದರೆ ಸುಮಾರು 8,000 ಕಿ.ಮೀ. ಆಗುತ್ತದೆ, ನೇರ ವಿಮಾನಕ್ಕೆ ಹೋಗುವಾಗ ಹತ್ತೂವರೆ ಗಂಟೆಯ ಆಸುಪಾಸು, ಬರುವಾಗ ಹತ್ತು ಗಂಟೆ ಎಂಬುದು ವಾಡಿಕೆಯ ಲೆಕ್ಕ. 2022ರಲ್ಲಿ ಉಕ್ರೇನಿನ ಆಕಾಶವೂ, 2025ರ ಏಪ್ರಿಲ್‌ನಲ್ಲಿ ಭಾರತೀಯ ವಿಮಾನಗಳ ಪಾಲಿಗೆ ಪಾಕಿಸ್ತಾನದ ಆಕಾಶವೂ ಮುಚ್ಚಿದ ಮೇಲೆ ಈ ಲೆಕ್ಕಕ್ಕೆ ಸುತ್ತುದಾರಿಯ ಹೊತ್ತೂ ಸೇರಿಕೊಂಡಿದೆ.

ಎರಡನೆಯ ಭಾಗಕ್ಕೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಟ್ಟಿಲ್ಲ. ಈ ನಂಬಿಕೆಗೆ ಜೀವ ತುಂಬುವುದು ಟಿಕೆಟ್ಟೇ. ಚಳಿಗಾಲದಲ್ಲಿ ಬೆಳಿಗ್ಗೆ ಏಳಕ್ಕೆ ಹೊರಟವರು ಅಲ್ಲಿಯ ಮಧ್ಯಾಹ್ನ ಹನ್ನೆರಡಕ್ಕೆ ಇಳಿಯುತ್ತಾರೆ. ಅಲ್ಲಿಂದ ಮಧ್ಯಾಹ್ನ ಎರಡಕ್ಕೆ ಹೊರಟವರು ಮರುದಿನ ಬೆಳಗಿನ ಜಾವ ಐದೂವರೆಗೆ ಇಲ್ಲಿರುತ್ತಾರೆ. ಹೋಗಲು ಐದು ಗಂಟೆ, ಬರಲು ಹದಿನೈದೂವರೆ ಎಂದು ಓದಿಕೊಂಡವರು ಎರಡೂ ಊರಿನ ಗಡಿಯಾರಗಳ ನಡುವಿನ ಐದೂವರೆ ಗಂಟೆಯ ಅಂತರವನ್ನು ಮರೆತು, ಪುಣ್ಯವನ್ನೆಲ್ಲ ಭೂಮಿಯ ತಿರುಗುವಿಕೆಗೆ ಕಟ್ಟಿಬಿಡುತ್ತಾರೆ.

ಈ ವಾದ ನಿಜವಾಗಿದ್ದರೆ ಏನಾಗಬೇಕಿತ್ತು ನೋಡಿ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಬೆಂಗಳೂರು ಮತ್ತು ಮಂಗಳೂರು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿದ್ದು, ಅವುಗಳ ರೇಖಾಂಶದ ಅಂತರ ಮೂರು ಡಿಗ್ರಿಗಿಂತ ಕಡಿಮೆ. ಹಾಗಾಗಿ ಬೆಂಗಳೂರಿನಲ್ಲಿ ಹೆಲಿಕಾಪ್ಟರ್ ಏರಿ, ಎಲ್ಲಿಗೂ ಹೋಗದೆ ಹನ್ನೊಂದು ನಿಮಿಷ ಗಾಳಿಯಲ್ಲಿ ನಿಂತು ಇಳಿದರೆ ಮಂಗಳೂರು ಸಿಗಬೇಕಿತ್ತು. ಮಳೆಗಾಲದಲ್ಲಿ ಶಿರಾಡಿ ಘಾಟಿಯ ಗೊಡವೆಯೇ ಇರುತ್ತಿರಲಿಲ್ಲ. ಹಾಗೆ ಆಗದಿರುವುದಕ್ಕೆ ಕಾರಣ, ರನ್‌ವೇಯಲ್ಲಿ ನಿಂತಿರುವ ವಿಮಾನವೂ ಅದರ ಸುತ್ತಲಿನ ಗಾಳಿಯೂ ನೆಲದೊಡನೆ ಆಗಲೇ ಗಂಟೆಗೆ 1,600 ಕಿ.ಮೀ.ಗೂ ಮೀರಿದ ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿರುವುದು. ನೆಲ ಬಿಟ್ಟ ಮಾತ್ರಕ್ಕೆ ಆ ವೇಗ ಕಳಚಿಬೀಳುವುದಿಲ್ಲ.

ಮೇಲಾಗಿ, ಮೇಲೆ ಹೇಳಿದ ಅಂಕಿಗಳನ್ನು ಇನ್ನೊಮ್ಮೆ ನೋಡಿದರೆ ಪಶ್ಚಿಮದ ಪ್ರಯಾಣವೇ ಹೆಚ್ಚು ಹೊತ್ತು ಹಿಡಿಯುತ್ತದೆ, ಅಂದರೆ ನಂಬಿಕೆ ಹೇಳುವುದಕ್ಕೆ ತದ್ವಿರುದ್ಧ. ಸುಮಾರು ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸವಾಗಿ ಬೀಸುವ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹೊಳೆ ಹೋಗುವಾಗ ಎದುರಾಗುತ್ತದೆ, ಬರುವಾಗ ಬೆನ್ನು ತಳ್ಳುತ್ತದೆ. ಉಷ್ಣವಲಯ ಮತ್ತು ಧ್ರುವಗಳ ತಾಪದ ವ್ಯತ್ಯಾಸದಿಂದ ಹೊರಡುವ ಈ ಗಾಳಿಯನ್ನು ಪೂರ್ವಕ್ಕೆ ಬಾಗಿಸುವುದು ಭೂಮಿಯ ತಿರುಗುವಿಕೆಯೇ ಎಂಬುದನ್ನು ಒಪ್ಪುತ್ತೇನೆ. ಆದರೆ ಅದರಿಂದ ಲಾಭ ಪೂರ್ವಕ್ಕೆ ಹಾರುವವರಿಗೆ.

2020ರ ಫೆಬ್ರುವರಿಯಲ್ಲಿ, ಸಾಮಾನ್ಯವಾಗಿ ಆರು ಗಂಟೆಗೂ ಮೀರಿ ಹಿಡಿಯುವ ನ್ಯೂಯಾರ್ಕ್–ಲಂಡನ್ ದಾರಿಯನ್ನು ಬ್ರಿಟಿಷ್ ಏರ್‌ವೇಸಿನ ಬೋಯಿಂಗ್ 747 ಒಂದು ಈ ಗಾಳಿಯ ಬಲದಿಂದ 4 ಗಂಟೆ 56 ನಿಮಿಷಗಳಲ್ಲಿ ಮುಗಿಸಿತು. ನೆಲದಿಂದ ಅಳೆದಾಗ ಅದರ ವೇಗ ಗಂಟೆಗೆ 1,300 ಕಿ.ಮೀ. ದಾಟಿತ್ತು. ಹಾಗಾದರೆ ಅದು ಶಬ್ದದ ವೇಗವನ್ನು ಮೀರಿತೇ ಎಂದು ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ: ಮೀರಲಿಲ್ಲ. ಶಬ್ದ ಸಾಗುವುದು ಗಾಳಿಯಲ್ಲಿ, ಆ ಗಾಳಿಯೇ ಓಡುತ್ತಿತ್ತು. ಅದರೊಳಗೆ ಆ ವಿಮಾನ ತನ್ನ ಎಂದಿನ ವೇಗದಲ್ಲೇ ಸಾಗುತ್ತಿತ್ತು.